ಹನ್ನೊಂದನೆಯವನು ಎಲ್ಲಿದ್ದ ಎಂಬ ವಿಷಯವಾಗಿ ಮಾಜಿ ಮ್ಯಾನೇಜರ್ ಭರಮಣ್ಣನವರಿಗೆ

ಶ್ರೀ ಭರಮಣ್ಣನವರು,
ಖಾನಾಪುರದ ಮಲಪ್ರಭಾ ಫುಟ್‌ಬಾಲ್ ಕ್ಲಬ್ಬಿನ ಮಾಜಿ ಮ್ಯಾನೇಜರರು,
ಹಾಲಿ ಎಮ್ಮೆಗಳ ಪಾಲಕರು,
ಕಣಕುಂಬಿ.

ಮಾನ್ಯರೇ,

ತಮಗೂ, ತಮ್ಮ ಧರ್ಮಪತ್ನಿ ಕಾಡವ್ವನವರಿಗೂ, ತಮ್ಮ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಸಮಸ್ತ ಬಳಗಕ್ಕೂ, ಬೆಳಗಾವಿ ಮಹಾಂತೇಶ ನಗರದ ನಿವಾಸಿಯೂ ನಿವೃತ್ತ ಟೆಲಿಫೋನ್ ನೌಕರನೂ ಆದ ತ್ರ್ಯಂಬಕ ಇನಾಮದಾರ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ತಾವು ನನ್ನನ್ನು ಆ ಸ್ಥಿತಿಯಲ್ಲಿ ಇಟ್ಟಿಲ್ಲವಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಹದಿನಾಲ್ಕು ವರ್ಷ ತಮ್ಮನ್ನು ಬಹಿರಂಗವಾಗಿ ಹೊಗಳಿದವನು ದೂರನ್ನು ಮಾತ್ರ ಲಕೋಟೆಯಲ್ಲಿ ಮುಚ್ಚಿ ಕಳಿಸಿದರೆ ಅದು ಸಭ್ಯತೆಯಾಗದು. ಆದ್ದರಿಂದ ಇದರ ಒಂದು ಪ್ರತಿ ಕ್ಲಬ್ಬಿನ ನೋಟೀಸ್ ಬೋರ್ಡಿನ ಮೇಲೂ ಇನ್ನೊಂದು ಮೈದಾನದ ಬಾಜೂಕೆ ಇರುವ ಸಾವಂತ್ರವ್ವನ ಚಹಾದಂಗಡಿಯ ಗೋಡೆಯ ಮೇಲೂ ಇದೆ.

ಚಹಾ ಕುಡಿಯುತ್ತ ಇದನ್ನು ಓದುವ ಅಪರಿಚಿತರಿಗಾಗಿ ಹಿಂದಿನ ಸಂಗತಿಯನ್ನು ಹೇಳಲು ಅಪ್ಪಣೆ ಕೊಡಿ. ಹದಿನಾಲ್ಕು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ನಡೆದ ಜಿಲ್ಲಾ ಕಪ್ಪಿನ ಫೈನಲ್ಲಿನಲ್ಲಿ ನಮ್ಮ ಕ್ಲಬ್ಬು ಅರ್ಧ ಆಟಕ್ಕೆ ಒಂದು ಗೋಲಿನಿಂದ ಹಿಂದೆ ಬಿದ್ದಿತ್ತು. ವಿರಾಮದಲ್ಲಿ ತಾವು ಎಡಬದಿಯ ಮುಂಚೂಣಿ ಆಟಗಾರನನ್ನು ಹೊರಗೆ ಕರೆದುಕೊಂಡಿರಿ. ಅವನ ಬದಲಿಗೆ ಯಾರೂ ಒಳಗೆ ಹೋಗಲಿಲ್ಲ. ಹತ್ತು ಜನ ಆಡಿದರು. ಎದುರಾಳಿಗಳು ಖಾಲಿ ಬಿದ್ದಿದ್ದ ನಮ್ಮ ಎಡಬದಿಯನ್ನು ಕಂಡು ಆಸೆಯಿಂದ ಅಲ್ಲಿಗೇ ನುಗ್ಗಿದರು. ಅವರ ಬೆನ್ನ ಹಿಂದೆ ಬಯಲಾಯಿತು. ನಮ್ಮವರು ಎರಡು ಗೋಲು ಹೊಡೆದು ಕಪ್ಪು ತಂದರು. ಕ್ಲಬ್ಬಿನ ಇತಿಹಾಸದಲ್ಲಿ ಅದೊಂದೇ ಕಪ್ಪು.

ಆ ಹತ್ತು ಜನರ ಆಟಕ್ಕೆ ‘ಖಾಲಿ ಜಾಗದ ಸಿದ್ಧಾಂತ’ ಎಂದು ಹೆಸರಿಟ್ಟವನು ನಾನೇ. ಕ್ಲಬ್ಬಿನ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅದನ್ನು ಕುರಿತು ಒಂಬತ್ತು ಪುಟ ಬರೆದವನೂ, ನಾಲ್ಕು ನಕ್ಷೆ ಹಾಕಿದವನೂ ನಾನೇ. ಅಂದು ಬೂಟಿನ ಲೇಸು ಕಟ್ಟಿ ಸಿದ್ಧನಾಗಿದ್ದರೂ ತಂಡದ ಹಿತಕ್ಕಾಗಿ ಒಳಗೆ ಹೋಗದೆ ಉಳಿದ ಬದಲಿ ಆಟಗಾರ ರಾಮಲಿಂಗನನ್ನು ‘ತ್ಯಾಗಮಯಿ ಹನ್ನೊಂದನೆಯವ’ ಎಂದು ಕರೆದದ್ದೂ ಅದೇ ಲೇಖನದಲ್ಲಿ. ಆ ಬಿರುದಿನ ಬಲದಿಂದಲೇ ಅವರು ಮುಂದೆ ಕ್ಲಬ್ಬಿನ ಅಧ್ಯಕ್ಷರಾದರು ಎಂಬುದನ್ನು ಅವರೂ ಅಲ್ಲಗಳೆಯಲಾರರು.

ಇನ್ನು ನಮ್ಮ ಕಟ್ಟೆಯ ವಿಷಯ. ಮೈದಾನದ ಪಶ್ಚಿಮಕ್ಕಿರುವ ಕಲ್ಲಿನ ಮೆಟ್ಟಿಲುಗಳ ಮೇಲೆ ನಾವು ಮೂವರು ಪ್ರತಿ ಭಾನುವಾರ ಕೂಡುತ್ತೇವೆ. ನಮ್ಮ ಮುಂದೆ ಆಟ ನಡೆದಿರುತ್ತದೆ, ನಾವು ಹಳೆಯ ಮ್ಯಾನೇಜರುಗಳನ್ನು ತೂಗುತ್ತಿರುತ್ತೇವೆ. ನಿವೃತ್ತ ಬಸ್ ಕಂಡಕ್ಟರ್ ಈರಣ್ಣನವರು ಬೀಡಿ ಎಂಬ ಊರಿನ ನಾಗಲಿಂಗ ಮಾಸ್ತರರ ಕಡೆ. ಚೆಂಡು ನೆಲ ಬಿಟ್ಟರೆ ಆಟಗಾರ ಶಿಸ್ತು ಬಿಟ್ಟಂತೆ ಎಂದು ನಂಬಿದ್ದ ಆ ವ್ಯಾಯಾಮ ಶಿಕ್ಷಕರ ಕಾಲದಲ್ಲಿ ಕ್ಲಬ್ಬು ಸೋತದ್ದು ಬಹಳ ಕಡಿಮೆ, ಗೆದ್ದದ್ದು ಅದಕ್ಕಿಂತ ಕಡಿಮೆ. ಔಷಧದಂಗಡಿಯ ಆಶಿಶ್ ಬ್ಯಾಂಕ್ ಅಧಿಕಾರಿ ಚೇತನರ ಕಡೆ. ಚೇತನರು ಬಿಳಿ ಹಲಗೆಯ ಮೇಲೆ ಎಷ್ಟು ಬಾಣ ಬರೆಯುತ್ತಿದ್ದರೆಂದರೆ, ಒಮ್ಮೆ ನಮ್ಮ ರಕ್ಷಣಾ ಆಟಗಾರನೊಬ್ಬ ಯಾವುದೋ ಬಾಣವನ್ನು ನಿಷ್ಠೆಯಿಂದ ಹಿಂಬಾಲಿಸಿ ನಮ್ಮ ಗೋಲಿಗೇ ಚೆಂಡು ಹೊಡೆದ. ನಾನು ತಮ್ಮ ಕಡೆ. ವಾದ ಎಲ್ಲಿಂದ ಶುರುವಾದರೂ ಕೊನೆಗೆ ನಾನು ‘ಹತ್ತು ಜನ’ ಎಂದು ಎರಡು ಶಬ್ದ ಉಚ್ಚರಿಸಿದರೆ ಉಳಿದಿಬ್ಬರೂ ಚಹಾ ಹೇಳುತ್ತಿದ್ದರು. ಹದಿನಾಲ್ಕು ವರ್ಷ ನಾನು ಒಂದು ವಾದವನ್ನೂ ಸೋತಿಲ್ಲ. ಇದನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ನನ್ನ ನಷ್ಟದ ಪ್ರಮಾಣ ತಮಗೆ ತಿಳಿದೀತು.

ಎರಡು ವರ್ಷಗಳ ಹಿಂದೆ ಪೂನಮ ಅವರು ಮ್ಯಾನೇಜರರಾಗಿ ಬಂದರು. ಅದೇ ಬೀಡಿ ಊರಿನ ರೈತರ ಮಗಳು, ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು, ಈಗ ಬೆಳಗಾವಿಯ ಕಾಲೇಜೊಂದರಲ್ಲಿ ಕ್ರೀಡಾ ಬೋಧಕಿ. ಅವರು ಬಂದಾಗ ಕ್ಲಬ್ಬು ಪಟ್ಟಿಯ ತಳದಲ್ಲಿತ್ತು. ಈಗ ಮೂರನೆಯ ಸ್ಥಾನದಲ್ಲಿದೆ. ಇದನ್ನು ನಾವು ಅವರ ದೋಷವೆಂದೇ ಪರಿಗಣಿಸಿದೆವು, ಏಕೆಂದರೆ ಮೂರನೆಯ ಸ್ಥಾನಕ್ಕೆ ಕಪ್ಪು ಕೊಡುವುದಿಲ್ಲ. ಅವರು ಆಟಗಾರರಿಗೆ ಕಾರಣ ವಿವರಿಸಿ ಹೇಳುತ್ತಿದ್ದರು. ಭರಮಣ್ಣ ಎಂದೂ ವಿವರಿಸುತ್ತಿರಲಿಲ್ಲ ಎಂದೆ. ಅವರು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಭರಮಣ್ಣನಿಗೆ ಕಾಗದವೇ ಬೇಕಿರಲಿಲ್ಲ ಎಂದೆ. ಅವರು ಗೆದ್ದ ದಿನ ಕೂಡ, ಇದೇ ಪಂದ್ಯವನ್ನು ಭರಮಣ್ಣ ಎರಡು ಗೋಲು ಹೆಚ್ಚಿಗೆ ಗೆಲ್ಲುತ್ತಿದ್ದ ಎಂದು ಲೆಕ್ಕ ಕೊಟ್ಟೆ.

ಕಳೆದ ತಿಂಗಳು ಬೆಳಗಾವಿಯ ಒಂದು ತಂಡದ ವಿರುದ್ಧ ಆಡುವಾಗ ನಮ್ಮ ಹುಡುಗನೊಬ್ಬನಿಗೆ ಇಪ್ಪತ್ತನೆಯ ನಿಮಿಷಕ್ಕೇ ಕೆಂಪು ಕಾರ್ಡು ಬಿತ್ತು. ಉಳಿದವರು ಹತ್ತು ಜನ. ನಮ್ಮ ಆಟಗಾರ ತಲೆ ತಗ್ಗಿಸಿ ಹೊರಗೆ ನಡೆಯುತ್ತಿದ್ದಾಗ ನಮ್ಮದೇ ಬೆಂಬಲಿಗರು ಎದ್ದು ನಿಂತು ಚಪ್ಪಾಳೆ ತಟ್ಟಿದ ಏಕೈಕ ಪ್ರಸಂಗ ಅದು. ಈಗ ಸಿದ್ಧಾಂತ ನೋಡಲು ಸಿಗುತ್ತದೆ ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಪೂನಮ ಹತ್ತು ಜನರನ್ನು ಎರಡು ಬಿಗಿಯಾದ ಸಾಲುಗಳಲ್ಲಿ ನಿಲ್ಲಿಸಿ, ಎಲ್ಲಿಯೂ ಖಾಲಿ ಜಾಗ ಬಿಡದೆ, ಎಪ್ಪತ್ತು ನಿಮಿಷ ಕಾದರು. ಕೊನೆಯ ಗಳಿಗೆಯಲ್ಲಿ ಬಿದ್ದ ಒಂದು ಗೋಲಿನಿಂದ ಸೋತರು. ಮೆಟ್ಟಿಲುಗಳ ಮೇಲಿಂದ ‘ಭರಮಣ್ಣ ಇದ್ದಿದ್ರ’ ಎಂಬ ಕೂಗು ಶುರುವಾಗಿ ಆಟಗಾರರು ಮೈದಾನ ಬಿಡುವವರೆಗೂ ನಿಲ್ಲಲಿಲ್ಲ. ಮರುವಾರವೇ ಈರಣ್ಣನವರು ಅವರನ್ನು ತೆಗೆಯಬೇಕೆಂಬ ಠರಾವು ಬರೆದರು. ಅದಕ್ಕೆ ಎರಡನೆಯ ಸಹಿ ನನ್ನದು.

ಠರಾವಿನ ಸುದ್ದಿ ತಿಳಿದ ಪೂನಮ ಸಾವಂತ್ರವ್ವನ ಅಂಗಡಿಗೆ ಬಂದರು. ಜಗಳಕ್ಕೆ ಬಂದರೆಂದು ನಾನು ಉತ್ತರಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಅವರು ಬೆಂಚಿನ ತುದಿಯಲ್ಲಿ ಕೂತು, ಚೀಲದಿಂದ ಆ ಹಳೆಯ ಬೆಳ್ಳಿಹಬ್ಬದ ಸಂಚಿಕೆ ತೆಗೆದು, ನನ್ನ ಲೇಖನದ ಪುಟ ಬಿಚ್ಚಿದರು. ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಗುರುತುಗಳಿದ್ದವು.

“ಕಾಕಾ, ಇದನ್ನ ಮೂರ ಸಲ ಓದೇನಿ,” ಎಂದರು. “ನಾಕೂ ನಕ್ಷಾ ಹುಡುಗೂರ ಕಡೆಯಿಂದ ಆಡಿಸಿ ನೋಡೇನಿ. ಪ್ರತಿ ಸಲ ಗೋಲ್ ಬೀಳತಾವ. ನನಗ ತಿಳೀಲಾರದ್ದು ಏನೋ ಐತಿ ಇದರಾಗ. ಅವರನ್ನ ಭೆಟ್ಟಿ ಮಾಡಿ ಕಲೀಬೇಕಂತ ಮಾಡೇನಿ. ನೀವು ಸಂಗಾಟ ಬರ್ತೀರೇನ್ರಿ?”

ತೆಗೆದುಹಾಕಲು ಸಹಿ ಮಾಡಿದವನನ್ನೇ ಜೊತೆಗೆ ಕರೆಯುವ ಈ ಪದ್ಧತಿ ನಾಗಲಿಂಗ ಮಾಸ್ತರರಲ್ಲಾಗಲಿ ಚೇತನರಲ್ಲಾಗಲಿ ಇರಲಿಲ್ಲ. ನನಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅದೂ ಅಲ್ಲದೆ, ತಮ್ಮ ಬಾಯಿಂದಲೇ ಸಿದ್ಧಾಂತವನ್ನು ಕೇಳಿ ಆ ಹುಡುಗಿ ಮೌನವಾಗುವುದನ್ನು ನೋಡುವ ಆಸೆಯೂ ಇತ್ತು; ಇದನ್ನು ಮುಚ್ಚಿಡುವುದಿಲ್ಲ.

ಜಾಂಬೋಟಿಯ ಮೇಲೆ ಬರುವ ಬೆಳಗಿನ ಬಸ್ಸಿನಲ್ಲಿ ನಾವು ತಮ್ಮಲ್ಲಿಗೆ ಬಂದದ್ದು, ಕಾಡವ್ವನವರು ಮಜ್ಜಿಗೆ ಕೊಟ್ಟದ್ದು ತಮಗೆ ಗೊತ್ತೇ ಇದೆ. ತಾವು ನನ್ನನ್ನು ಗುರುತಿಸಲು ತೀರ ಹತ್ತಿರ ಬಂದು ಮುಖ ನೋಡಿದಿರಿ. “ಕುಂದರ್ರಿ ಸಾಹೇಬ್ರ, ಭಾಳ ದಿನಾತು,” ಎಂದಿರಿ. ಪೂನಮ ನೆಲದಲ್ಲಿ ಕೂತು, ಅಂಗಳದ ಹರಳು ಆರಿಸಿ, ಹತ್ತನ್ನು ಜೋಡಿಸಿ, ಅಂದು ಎಡಬದಿ ಯಾಕೆ ಖಾಲಿ ಬಿಟ್ಟಿರಿ, ಅದು ಮೊದಲೇ ಯೋಚಿಸಿದ್ದೋ ವಿರಾಮದಲ್ಲಿ ಹೊಳೆದದ್ದೋ ಎಂದು ಕೇಳಿದರು. ಆಮೇಲೆ ತಾವು ಆಡಿದ ಮಾತುಗಳನ್ನು ಇಲ್ಲಿ ಅಕ್ಷರಶಃ ದಾಖಲಿಸುತ್ತಿದ್ದೇನೆ, ಏಕೆಂದರೆ ನನ್ನ ದೂರಿಗೆ ಮೂಲ ಅವೇ.

“ಯುಕ್ತಿ ಗಿಕ್ತಿ ಏನೂ ಇರಲಿಲ್ಲ ತಂಗಿ. ಒಬ್ಬನ್ನ ಹೊರಗ ಕರಕೊಂಡ್ನಿ. ರಾಮಲಿಂಗಗ ಒಳಗ ಹೋಗಪಾ ಅಂತ ಬೆಂಚಿನ ಕಡೆ ಕೂಗಿ ಹೇಳಿದ್ನಿ. ಅಂವ ಹೋಗ್ಯಾನ ಅಂತ ತಿಳಕೊಂಡ್ನಿ. ನನಗ ಆವಾಗಿಂದನ ದೂರಿಂದು ಮಸಕ ಮಸಕ. ಎಮ್ಮಿ ಆಗಿದ್ರ ಎಣಸ್ತಿದ್ನಿ. ಹುಡುಗೂರು ಎಲ್ಲಿ ತಪ್ಪಿಸ್ಕೋತಾರ ಅಂತ ಎಣಸಲಿಲ್ಲ.”

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು, ಆಟಗಾರರಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾ ಎಂದ ಏನರೆ ತಿಳಿಸಿ ಹೇಳಿದ್ನಿ, ಅವರು ಕೇಳಾಕ? ಮ್ಯಾನೇಜರ್ ಏನೋ ಹೊಸಾದು ಮಾಡ್ಯಾನ ಅಂತ ಓಡಿದ್ರು ಪಾಪ.”

“ಮತ್ತ ನಿಮಗ ಗೊತ್ತಾಗಿದ್ದು ಯಾವಾಗ?” ಎಂದೆ.

“ಆಟ ಮುಗದ ಮ್ಯಾಲ ನೀವ ಓಡಿ ಬಂದು ನನ್ನ ಅಪ್ಪಿಕೊಂಡು, ಹತ್ತ ಮಂದಿ ಕಟಗೊಂಡು ಗೆದ್ದಲ್ಲೋ ಭರಮಣ್ಣ ಅಂದ್ರಿ ನೋಡ್ರಿ, ಆವಾಗ ಗೊತ್ತಾತು. ನಿಮ್ಮ ಮಾರಿ ಮ್ಯಾಲಿನ ಖುಷಿ ನೋಡಿ ಸುಮ್ಮಾದ್ನಿ.”

ಬಾಗಿಲಲ್ಲಿ ನಿಂತಿದ್ದ ಕಾಡವ್ವನವರು ಉಳಿದದ್ದನ್ನು ಪೂರ್ತಿ ಮಾಡಿದರು. “ಮುಂದಿನ ಆಟಕ್ಕ ಒಂಬತ್ತ ಮಂದಿ ಆಡಸ್ತೀರೇನ್ರಿ ಅಂತ ಮಂದಿ ಕೇಳಾಕ ಹತ್ತಿದ್ರು. ಮೈದಾನಕ್ಕ ಹೋಗಬೇಕಂದ್ರ ಇವರು ಮುಸುಕ ಹಾಕ್ಕೊಂಡು ಮಲಗಾಕ ಚಾಲೂ ಮಾಡಿದ್ರು. ಅದಕ್ಕ ಬಿಟ್ಟ ಬಂದ್ರು. ಎಮ್ಮಿ ನೋಡಾಕ ಯಾರೂ ಇಲ್ಲ ಅಂತ ನಿಮಗ ಸುಳ್ಳ ಹೇಳಿದ್ರು.”

ಮಾನ್ಯರೇ, ತಾವು ಕ್ಲಬ್ಬು ಬಿಟ್ಟುಹೋದ ದಿನ ನಾನು ಅದನ್ನು ಶಿಖರದಲ್ಲಿ ನಿವೃತ್ತರಾಗುವ ದೊಡ್ಡವರ ಲಕ್ಷಣವೆಂದು ಬಣ್ಣಿಸಿದ್ದೆ. ಅಂಗಳದಲ್ಲಿ ಕೂತಾಗ ನನಗೆ ಅದೇ ಭಾಷಣದ ಸಾಲುಗಳು ಒಂದೊಂದಾಗಿ ನೆನಪಾದವು.

ಪೂನಮ ಮೌನವಾಗುವುದನ್ನು ನೋಡಲು ಬಂದವನು ನಾನು. ಅವರು ಮೊದಲು ನಕ್ಕರು. ಎರಡು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ. ಆಮೇಲೆ ಹರಳುಗಳನ್ನು ಸರಿಸಿ, ಕಳೆದ ತಿಂಗಳು ತಂಡ ಸೋತ ಆ ಪಂದ್ಯದ ಎರಡು ಬಿಗಿ ಸಾಲುಗಳನ್ನು ಜೋಡಿಸಿ ತೋರಿಸಿದರು. ತಾವು ಬಗ್ಗಿ, ಪ್ರತಿಯೊಂದು ಹರಳನ್ನೂ ಬೆರಳಿಂದ ಮುಟ್ಟಿ ನೋಡಿ, “ಎಪ್ಪತ್ತ ನಿಮಿಷ ಹಿಡದಿ? ಛಲೋ ಮಾಡೀದಿ. ನನಗ ಇಷ್ಟ ತಿಳೀತಿರಲಿಲ್ಲ,” ಎಂದಿರಿ. ಹದಿನಾಲ್ಕು ವರ್ಷದಲ್ಲಿ ತಾವು ಇನ್ನೊಬ್ಬ ಮ್ಯಾನೇಜರನ ಬಗ್ಗೆ ಕೊಟ್ಟ ಏಕೈಕ ಅಭಿಪ್ರಾಯ ಅದು. ಅದನ್ನು ಕೇಳುವಾಗ ಅವರ ಕಣ್ಣು ಒದ್ದೆಯಾದದ್ದು ತಮಗೆ ಕಾಣಿಸಿರಲಿಕ್ಕಿಲ್ಲ.

ಮರಳುವ ಬಸ್ಸಿನಲ್ಲಿ, ಠರಾವಿನ ಸಲುವಾಗಿ ಬುಧವಾರ ಕರೆದಿದ್ದ ಕ್ಲಬ್ಬಿನ ಸಭೆಯಲ್ಲಿ ಇದೆಲ್ಲವನ್ನೂ ಹೇಳುತ್ತೇನೆಂದು ನಾನು ಪೂನಮ ಅವರಿಗೆ ತಿಳಿಸಿದೆ. ಅವರು ಒಪ್ಪಲಿಲ್ಲ. “ನನ್ನ ಕೆಲಸ ಉಳಸಾಕ ಅವರ ಮರ್ಯಾದಿ ಕಳೀಬ್ಯಾಡ್ರಿ ಕಾಕಾ. ನನಗ ಏನ ತಿಳೀಬೇಕಿತ್ತೋ ಅದು ತಿಳೀತು,” ಎಂದು ಕಿಟಕಿಯ ಕಡೆ ತಿರುಗಿದರು. ಜಾಂಬೋಟಿ ದಾಟುವವರೆಗೂ ನಾನು ಅವರ ಮಾತನ್ನು ಪಾಲಿಸುವವನಿದ್ದೆ. ಆದರೆ ಸುಮ್ಮನಿದ್ದರೆ ಉಳಿಯುವುದು ತಮ್ಮ ಮರ್ಯಾದೆಗಿಂತ ಹೆಚ್ಚಾಗಿ ನನ್ನ ಒಂಬತ್ತು ಪುಟದ್ದು ಎಂದು ಅನಿಸತೊಡಗಿತು. ಮನೆಗೆ ಬಂದು ಈ ವಿಷಯವನ್ನು ನನ್ನ ಹೆಂಡತಿ ಕುಂದಾಳ ಮುಂದೆ ಇಟ್ಟೆ. ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸದೆ, “ನಿಮ್ಮ ಸಲುವಾಗಿ ಒಬ್ಬರು ಊರು ಬಿಟ್ರು. ಇನ್ನೊಬ್ಬಾಕಿನ್ನೂ ಬಿಡಸ್ತೀರೇನು?” ಎಂದು ಕೇಳಿದಳು. ತಮಗೆ ಫೋನ್ ಮಾಡಿ ಕೇಳಿದೆ. “ಹೇಳ್ರಿ, ಆದ್ರ ಯಾರೂ ನಂಬಂಗಿಲ್ಲ,” ಎಂದಿರಿ.

ತಾವು ಮ್ಯಾನೇಜರಾಗಿ ಮಾಡಿದ ಎಲ್ಲ ಊಹೆಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಬುಧವಾರ ಸಂಜೆ ಕ್ಲಬ್ಬಿನ ಕೋಣೆಯಲ್ಲಿ ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಭೆ ಗಂಭೀರವಾಗಿ ಆಲಿಸಿತು. ಅನಂತರ ಆಶಿಶ್, ದೊಡ್ಡವರು ತಮ್ಮ ಸಾಧನೆಯನ್ನು ಹೀಗೆಯೇ ಅಲ್ಲಗಳೆಯುತ್ತಾರೆ ಎಂದರು. ಈರಣ್ಣನವರು, “ಎಣಸದನ ಬಿಡೂದೂ ಒಂದ ಧೈರ್ಯ ನೋಡ್ರಿ,” ಎಂದರು. ಇಪ್ಪತ್ತು ತಲೆಗಳು ಹೌದೆಂದು ಆಡಿದವು. ನನ್ನ ಕಣ್ಣೆದುರೇ ತಮ್ಮ ಕೀರ್ತಿ ಇನ್ನೊಂದು ಗೇಣು ಬೆಳೆಯಿತು. ನಾನು ಅಷ್ಟು ವರ್ಷ ಕಷ್ಟಪಟ್ಟು ಕಲಿಸಿದ ವಾದವನ್ನು ನನ್ನ ಮೇಲೆಯೇ ಇಷ್ಟು ಚೆನ್ನಾಗಿ ಪ್ರಯೋಗಿಸುತ್ತಾರೆಂದು ನಾನು ಎಣಿಸಿರಲಿಲ್ಲ. ಠರಾವು ಮತಕ್ಕೆ ಹಾಕಬೇಕೆಂಬ ಮಾತು ಬಂತು. ಪೂನಮ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

ಆಗ ನಾನು ಅಧ್ಯಕ್ಷರ ಕಡೆ ತಿರುಗಿ, ಅವರಿಗಲ್ಲದೆ ಬೇರೆ ಯಾರಿಗೂ ಉತ್ತರ ಗೊತ್ತಿರದ ಒಂದೇ ಪ್ರಶ್ನೆ ಕೇಳಿದೆ. “ರಾಮಲಿಂಗ, ಭರಮಣ್ಣ ಒಳಗ ಹೋಗು ಅಂದಾಗ ನೀ ಎಲ್ಲಿದ್ದಿ?”

ರಾಮಲಿಂಗರು ಮೇಜಿನ ಮೇಲಿನ ಪೆನ್ನನ್ನು ಅಡ್ಡ ಇಟ್ಟರು, ಉದ್ದ ಇಟ್ಟರು. ಸುಮ್ಮನಿದ್ದಿದ್ದರೆ ಅವರ ಬಿರುದು, ಕುರ್ಚಿ, ಗೋಡೆಯ ಮೇಲಿನ ಅವರ ಫೋಟೋ ಎಲ್ಲವೂ ಹಾಗೆಯೇ ಇರುತ್ತಿದ್ದವು. ಹೊರಡಲು ನಿಂತಿದ್ದ ಪೂನಮ ಅವರನ್ನು ಅವರು ಒಮ್ಮೆ ನೋಡಿದರು.

“ಪಾಯಖಾನಿಯೊಳಗಿದ್ನಿ,” ಎಂದರು. “ಚಿಲಕ ಜಾಮ್ ಆಗಿತ್ತು.”

ಅವರು ಮುಂದುವರಿಸಿದರು. “ನಲವತ್ತೈದ ನಿಮಿಷ ಬಾಗಲಾ ಬಡದೇನಿ. ನೀವೆಲ್ಲಾ ಹೊರಗ ಕೂಗಾಕ ಹತ್ತಿದ್ರಿ. ಯಾರಿಗೂ ಕೇಳಲಿಲ್ಲ. ಆಮ್ಯಾಲ ಕಸಾ ಹೊಡ್ಯಾಂವ ಬಂದು ತಗದ. ಹೊರಗ ಬಂದ್ನಿ, ನೀವೆಲ್ಲಾ ನನ್ನ ಹೊತಗೊಂಡು ಕುಣದ್ರಿ. ಏನಂತ ಹೇಳಲಿ?”

ಮೊದಲು ನಕ್ಕವಳು ಚಹಾ ತಂದಿದ್ದ ಸಾವಂತ್ರವ್ವ. ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೋಣೆಯೆಲ್ಲ ನಕ್ಕಿತು. ಕೊನೆಗೆ ರಾಮಲಿಂಗರೂ, ಹದಿನಾಲ್ಕು ವರ್ಷದ ನಂತರ ಚಿಲಕ ಈಗಷ್ಟೇ ತೆರೆದವರಂತೆ, ನಕ್ಕರು. ನಗದೆ ಉಳಿದವರು ಈರಣ್ಣನವರೊಬ್ಬರೇ. ಅವರು ಠರಾವಿನ ಕಾಗದ ತೆಗೆದುಕೊಂಡು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. “ಎರಡ ವರ್ಷ ನಾವು ಈ ಹುಡುಗಿನ್ನ ಒಂದು ಚಿಲಕಕ್ಕ ಹೋಲಿಸಾಕ ಹತ್ತಿದ್ವಿ ಅಂದಂಗಾತು,” ಎಂದರು. ಪೂನಮ ಬಾಗಿಲ ಬಳಿ ನಿಂತವರು, ಭಾನುವಾರದ ಪಂದ್ಯ ನಾಲ್ಕಕ್ಕೆ ಶುರು ಎಂದಷ್ಟೇ ಹೇಳಿ ಹೋದರು.

ಭಾನುವಾರ ಆಟ ಒಂದೊಂದು ಗೋಲಿನಿಂದ ಸಮವಾಯಿತು. ಶುರುವಾಗುವ ಮೊದಲು ಪೂನಮ ಗೆರೆಯ ಹತ್ತಿರ ನಿಂತು ಬೆರಳು ಮಾಡಿ ಆಟಗಾರರನ್ನು ಎಣಿಸಿದರು. ಯಾರು ಶುರು ಮಾಡಿದರೋ ತಿಳಿಯದು, ಮೆಟ್ಟಿಲುಗಳ ಮೇಲಿದ್ದ ಜನವೂ ಅವರೊಂದಿಗೆ ದನಿಗೂಡಿಸಿ ಒಂದು, ಎರಡು, ಮೂರು ಎಂದು ಎಣಿಸಿತು. ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ಮರಾಠಿಯಲ್ಲಿ. ಹನ್ನೊಂದಕ್ಕೆ ಬಂದಾಗ ಎದ್ದ ಸದ್ದು ಗೋಲಿಗೂ ಏಳಲಿಲ್ಲ. ಅವರು ಹಿಂದಿರುಗಿ ನಮ್ಮ ಕಡೆ ಕೈ ಎತ್ತಿದರು.

ಈಗ ನನ್ನ ದೂರು. ತಾವು ಆ ಮೈದಾನವನ್ನು ಎಷ್ಟು ಪ್ರೀತಿಸುತ್ತಿದ್ದಿರಿ ಎಂಬುದು ನನಗೆ ಗೊತ್ತು. ಹುಡುಗರು ಬರುವ ಮೊದಲೇ ಬಂದು ಕಲ್ಲು ಆರಿಸುತ್ತಿದ್ದವರು ತಾವು. ಅಂಥ ತಮ್ಮನ್ನು ನಾನು ಬೈದು ಓಡಿಸಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಹೊಗಳಿ ಓಡಿಸಿದ್ದೇನೆ, ಅದಕ್ಕೆ ಕ್ಷಮೆ ಕೇಳುವ ವಿಧಾನ ಯಾವ ಪತ್ರಲೇಖನದ ಪುಸ್ತಕದಲ್ಲಿಯೂ ಸಿಗಲಿಲ್ಲ. ಒಂದು ಮಾತು, ಅಂದೇ, ನನ್ನ ಕಿವಿಯಲ್ಲಿ ಹೇಳಿದ್ದರೆ ನಾನು ಬೇಸರಪಡುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ, ಆದರೆ ತಾವು ಇನ್ನೂ ಹತ್ತು ವರ್ಷ ಗೆರೆಯ ಬಳಿ ನಿಂತಿರುತ್ತಿದ್ದಿರಿ. ಸುಮ್ಮನಿದ್ದುದು ತಮ್ಮ ಅಪರಾಧ. ಆದ್ದರಿಂದ, ತಾವು ಸಾಧಾರಣ ಮನುಷ್ಯರೆಂದು ಸರ್ಕಾರಿ ಅಧಿಕಾರಿಯೊಬ್ಬರ ಮೊಹರು ಸಹಿತ ಪ್ರಮಾಣಪತ್ರವೊಂದನ್ನು ಕೂಡಲೇ ಕಳಿಸಬೇಕು. ಅದರ ಜೊತೆಗೆ, ತಮ್ಮ ಗೆಲುವುಗಳಲ್ಲಿ ಕನಿಷ್ಠ ಆರನ್ನು ಹಿಂದಕ್ಕೆ ಪಡೆದು ಸೋಲುಗಳೆಂದು ತಿದ್ದಿಸಿಕೊಡಬೇಕು. ಇವೆರಡೂ ಆಗದಿದ್ದಲ್ಲಿ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಕಾಡವ್ವನವರೊಡನೆ ಹೊರಟು ಬಂದು, ನಮ್ಮ ಮೆಟ್ಟಿಲಿನ ಮೇಲೆ ಈರಣ್ಣನವರ ಮತ್ತು ನನ್ನ ನಡುವೆ ಕೂತು, ಕಣ್ಣಿಗೆ ಕಾಣದಿದ್ದರೂ ಚಿಂತೆಯಿಲ್ಲ, ಎಲ್ಲರಂತೆ ತಪ್ಪು ತಪ್ಪಾಗಿ ಸಲಹೆ ಕೂಗಬೇಕು. ಯಾರೂ ಅಪ್ಪಿಕೊಳ್ಳುವುದಿಲ್ಲ ಎಂದು ಈ ಮೂಲಕ ಲಿಖಿತ ಭರವಸೆ ಕೊಡುತ್ತೇನೆ.

ಇಷ್ಟೆಲ್ಲ ಆದ ಮೇಲೆಯೂ, ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿ,
ತ್ರ್ಯಂಬಕ ಇನಾಮದಾರ

ತಾ.ಕ.: ಸಭೆಯ ಸುದ್ದಿ ಕೇಳಿದ ಚೇತನರು ತಮ್ಮದೇ ಅವಧಿಯ ಹದಿನೇಳು ಸೋಲುಗಳನ್ನೂ ಮರುಪರಿಶೀಲಿಸಬೇಕೆಂದು, ಅವುಗಳಲ್ಲಿ ಯಾವ ಯಾವ ಸೋಲಿನಲ್ಲಿ ಚಿಲಕ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬುದನ್ನು ತನಿಖೆ ಮಾಡಬೇಕೆಂದು ಕ್ಲಬ್ಬಿಗೆ ಮನವಿ ಸಲ್ಲಿಸಿದ್ದಾರೆ. ತನಿಖಾಧಿಕಾರಿಯಾಗಿ ನನ್ನನ್ನು ನೇಮಿಸಲಾಗಿದೆ.